ಚಿವುಟಿದರೆ ಚೀರುವ ತಂತಿ

ಜನವರಿ 9

ಮಗಳೇ,

ಕಾಗದ ನೋಡಿ ಗಾಬರಿ ಆಗಬೇಡ. ನಾನು ಸತ್ತಿಲ್ಲ. ಸತ್ತಿದ್ರೆ ಅಕ್ಷರ ಇಷ್ಟು ಕೆಟ್ಟದಾಗಿ ಇರ್ತಿರಲಿಲ್ಲ, ಬೇರೆ ಯಾರಾದ್ರೂ ಬರೀತಿದ್ರು.

ಮರದ ಮಿಲ್ಲಿನವರು ಹೋದ ತಿಂಗಳು ಕೈ ಕುಲುಕಿ ಮನೆಗೆ ಕಳಿಸಿದ್ರು. ನಲವತ್ತೊಂದು ವರ್ಷ ಗರಗಸದ ಹಲ್ಲು ಚೂಪು ಮಾಡಿದೆ, ಎಲ್ಲರ ಬಾಯಲ್ಲೂ ‘ಹಲ್ಲಿನ ಡಾಕ್ಟರು’ ಅನ್ನಿಸಿಕೊಂಡೆ. ಈಗ ನನ್ನ ಬಾಯಲ್ಲಿ ಉಳಿದಿರೋದು ಹನ್ನೊಂದು ಹಲ್ಲು. ಗರಗಸಗಳೆಲ್ಲ ಸೇರಿ ನನಗೆ ಹಲ್ಲು ಕಿರಿದು ಬೀಳ್ಕೊಟ್ಟ ಹಾಗಾಯ್ತು.

ಸುಮ್ಮನೆ ಕೂತು ಅಭ್ಯಾಸ ಇಲ್ಲ, ಕೈ ತುರಿಸ್ತಿತ್ತು. ಮೂಲೆಯಲ್ಲಿ ನಿನ್ನ ಹಳೇ ಎಲೆಕ್ಟ್ರಿಕ್ ಗಿಟಾರು ನಾಲ್ಕು ವರ್ಷದಿಂದ ಗೋಡೆಗೆ ಮುಖ ಮಾಡಿ ನಿಂತಿದೆ, ಯಾರೋ ಮೇಷ್ಟ್ರು ಶಿಕ್ಷೆ ಕೊಟ್ಟ ಹಾಗೆ. ಕವರು ಬಿಚ್ಚಿದೆ. ಜೇಬಲ್ಲಿ ನಿನ್ನ ನೋಟ್‌ಬುಕ್ಕು ಸಿಕ್ತು. ಓದಬಾರದಿತ್ತು, ಓದಿದೆ.

ಒಂದು ಪುಟದ ತಲೆ ಮೇಲೆ ‘ಪಿಂಚ್ ಹಾರ್ಮೊನಿಕ್’ ಅಂತ ಬರೆದಿದ್ದೀಯ. ಕೆಳಗೆ ದಿನಕ್ಕೊಂದು ಸಾಲು. ‘ಇವತ್ತೂ ಬರಲಿಲ್ಲ.’ ‘ಇವತ್ತೂ ಬರಲಿಲ್ಲ.’ ‘ಹೆಬ್ಬೆರಳು ತಡ.’ ಹೀಗೇ ಎಪ್ಪತ್ಮೂರು ದಿನ. ಎಪ್ಪತ್ನಾಲ್ಕನೇ ದಿನ ‘ಬಂತು’ ಅಂತ ಒಂದೇ ಮಾತು, ಆಮೇಲೆ ಪುಟ ಖಾಲಿ.

ಎಪ್ಪತ್ಮೂರು ದಿನ ನೀನು ಬಾಗಿಲ ಆಚೆ ಸೋಲ್ತಿದ್ದೆ, ಈಚೆ ಕಡೆ ನಾನು ಚಹಾ ಹೀರ್ತಾ ಕೂತಿದ್ದೆ. ಏನು ಬರಲಿಲ್ಲ, ಏನು ಬಂತು, ಒಂದೂ ಗೊತ್ತಿಲ್ಲ. ನಿಮ್ಮಮ್ಮ ಬದುಕಿದ್ದಿದ್ರೆ ಕೇಳ್ತಿದ್ಲು. ನಾನು ಕೇಳಲಿಲ್ಲ. ಈಗ ಕೇಳ್ತಿದ್ದೀನಿ. ಅದನ್ನ ಹೇಗೆ ಮಾಡೋದು? ನನಗೂ ಹೇಳಿಕೊಡು.

ಫೋನು ಬೇಡ. ಫೋನಲ್ಲಿ ನಾವಿಬ್ಬರೂ ಹೇಗಿರ್ತೀವಿ ಅಂತ ನಿನಗೇ ಗೊತ್ತು. ಕಾಗದದ ಮೇಲೆ ನಾನು ಸ್ವಲ್ಪ ಮನುಷ್ಯ.

ಇತಿ ಹನ್ನೊಂದು ಹಲ್ಲಿನ ಡಾಕ್ಟರು,
ಅಪ್ಪ


ಜನವರಿ 27

ಅಪ್ಪ,

ಇದು ನಿನ್ನ ಇನ್ನೊಂದು ಚೇಷ್ಟೆ ಆಗಿದ್ರೆ ಇಲ್ಲಿಗೇ ನಿಲ್ಲಿಸು. ಆಗಿಲ್ಲ ಅಂದ್ಕೊಂಡು ಬರೀತಿದ್ದೀನಿ, ನಮ್ಮ ವಾದ್ಯ ರಿಪೇರಿ ಅಂಗಡಿಗೆ ಬರೋ ಗಿರಾಕಿಗೆ ಹೇಳೋ ಹಾಗೆ.

ಪಿಂಚ್ ಅಂದ್ರೆ ಚಿವುಟೋದು, ತಂತಿ ಚಿವುಟಿ ಚೀರಿಸೋ ಸ್ವರ ಅದು. ತಂತಿ ಮೀಟೋ ಪ್ಲಾಸ್ಟಿಕ್ ಚೂರು ಕವರಿನಲ್ಲೇ ಇರಬೇಕು, ಅದಕ್ಕೆ ಪಿಕ್ ಅಂತಾರೆ. ಅದನ್ನ ತೀರಾ ತುದಿಯಲ್ಲಿ ಹಿಡ್ಕೋ. ಬೆರಳಿನಿಂದ ಆಚೆ ಅಕ್ಕಿಕಾಳಿನಷ್ಟು ಮಾತ್ರ ಕಾಣಬೇಕು. ತೆಳು ತಂತಿಗಳ ಮೇಲೆ ಶುರು ಮಾಡು. ಮೇಲಿಂದ ಕೆಳಕ್ಕೆ ಮೀಟು. ಪಿಕ್ಕು ತಂತಿ ದಾಟಿದ ತಕ್ಷಣ ನಿನ್ನ ಹೆಬ್ಬೆರಳಿನ ಅಂಚು ಅದೇ ತಂತೀನ ಸವರಿಕೊಂಡು ಹೋಗಬೇಕು. ಬೆರಳು ಅಲ್ಲೇ ನಿಂತರೆ ಸ್ವರ ಸಾಯುತ್ತೆ. ಮುಟ್ಟದೇ ಹೋದರೆ ಮಾಮೂಲಿ ಸ್ವರ ಬರುತ್ತೆ. ಎರಡರ ನಡುವೆ ಮುಟ್ಟಿದರೆ ತಂತಿ ತನ್ನ ಮಾಮೂಲಿ ದನಿ ಬಿಟ್ಟು ಎಲ್ಲೋ ಮೇಲೆ ಹೋಗಿ ಚೀರುತ್ತೆ. ಸ್ಪೀಕರ್ ಪೆಟ್ಟಿಗೆಯಲ್ಲಿ ‘ಗೇನ್’ ಅಂತ ಒಂದು ಗುಂಡಿ ಇದೆ, ಮುಕ್ಕಾಲು ತಿರುಗಿಸು.

ನಾಲ್ಕು ವರ್ಷದ ಹಿಂದೆ ನಮ್ಮ ಬ್ಯಾಂಡಿನ ಕಾರ್ಯಕ್ರಮದ ದಿನ, ಆ ಹಾಲಿನಲ್ಲಿ ನಾನು ಕೊನೆಗೆ ನುಡಿಸಿದ್ದೂ ಅದನ್ನೇ. ಜನ ಎದ್ದು ನಿಂತರು. ನೀನು ಮೊದಲನೇ ಸಾಲಿನಲ್ಲಿ ಕೂತು ಕರವಸ್ತ್ರ ಹುಡುಕ್ತಿದ್ದೆ. ಆಮೇಲೆ ನನ್ನ ಬ್ಯಾಂಡಿನವರೆಲ್ಲರ ಮುಂದೆ ಬಂದು ‘ಕೊನೇಲಿ ಯಾಕೆ ಸುಮ್ಮನೆ ನಿಂತುಬಿಟ್ಟೆ, ತಂತಿ ಕಿತ್ತುಹೋಯ್ತಾ’ ಅಂದೆ. ಅವರೆಲ್ಲ ನಕ್ಕರು. ನಾನು ಮಾರನೇ ದಿನ ಮನೆ ಬಿಟ್ಟು ಹೊರಟೆ. ಇದು ನಿನಗೆ ನೆನಪಿದೆಯೋ ಇಲ್ವೋ, ನನಗಿದೆ.

ಮಗಳು


ಫೆಬ್ರವರಿ 6

ಮಗಳೇ,

ಪಾಠ ಕಳಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ಬೈಗುಳ ಕಳಿಸಿದ್ದಕ್ಕೂ. ಎರಡೂ ಒಂದೇ ಅಂಚೆಚೀಟಿಯಲ್ಲಿ ಬಂದವು, ಲಾಭವೇ.

ಐದು ದಿನದಿಂದ ಚಿವುಟ್ತಿದ್ದೀನಿ. ಚಿವುಟಿದ್ರೆ ಯಾರಾದ್ರೂ ಚೀರ್ತಾರೆ, ಈ ತಂತಿ ಮಾತ್ರ ‘ಟುಕ್’ ಅಂತ ಸುಮ್ಮನಾಗುತ್ತೆ. ಗಟ್ಟಿಗಿತ್ತಿ. ಗರಗಸ ಉಜ್ಜೋ ಅರ ಹಿಡಿದ ಕೈಗೆ ಸ್ವರ ಹಿಡಿಯೋದು ಅಷ್ಟು ಸುಲಭ ಅಲ್ಲ ಅಂತ ಕಾಣುತ್ತೆ.

ಆದ್ರೆ ನಿನ್ನ ಪಾಠ ನನಗೆ ಹೊಸದಲ್ಲ. ಗರಗಸದ ಹಲ್ಲು ಕೂರಿಸೋದೂ ಹೀಗೇ. ಒಂದು ಹಲ್ಲು ಎಡಕ್ಕೆ, ಪಕ್ಕದ್ದು ಬಲಕ್ಕೆ, ಕೂದಲೆಳೆಯಷ್ಟು ಬಗ್ಗಿಸಬೇಕು. ಜಾಸ್ತಿ ಆದ್ರೆ ಹಲಗೆ ಒರಟಾಗಿ ಹರಿಯುತ್ತೆ, ಕಮ್ಮಿ ಆದ್ರೆ ಗರಗಸ ಮರದೊಳಗೆ ಸಿಕ್ಕಿಕೊಳ್ಳುತ್ತೆ. ಆ ನಡುವಿನ ಜಾಗ ಕಣ್ಣಿಗೆ ಕಾಣಲ್ಲ, ಹೆಬ್ಬೆರಳಿಗೆ ಮಾತ್ರ ಗೊತ್ತು. ನನ್ನ ಹೆಬ್ಬೆರಳು ಜಡ್ಡುಗಟ್ಟಿ ಹಳೇ ಚಪ್ಪಲಿ ಆಗಿದೆ. ಇದಕ್ಕೆ ತೊಂದರೆ ಆಗುತ್ತಾ, ಹೇಳು.

ಹಾಲಿನ ವಿಷಯ. ಆ ಮಾತು ನಾನು ಆಡಿದ್ದು ನಿಜ. ಅದಕ್ಕೆ ನೀನು ಯಾಕಷ್ಟು ಉರಿದೆ ಅಂತ ಇವತ್ತಿಗೂ ಸರಿಯಾಗಿ ಅರ್ಥ ಆಗಿಲ್ಲ. ನಾಲ್ಕು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೀನಿ. ಬಹುಶಃ ಅದಕ್ಕೇ ಇದನ್ನ ಕಲೀಬೇಕು ಅನ್ನಿಸಿದ್ದು. ನೀನು ಮಾಡಿದ್ದು ನನ್ನ ಕೈಗೆ ಬಂದ್ರೆ, ನಾನು ಮಾಡಿದ್ದು ನನ್ನ ತಲೆಗೆ ಬರಬಹುದು.

ಇತಿ ಟುಕ್ ಟುಕ್,
ಅಪ್ಪ


ಫೆಬ್ರವರಿ 20

ಅಪ್ಪ,

‘ಅರ್ಥ ಆಗಿಲ್ಲ’ ಅಂತ ಬರೆದದ್ದನ್ನ ಎರಡು ಸಲ ಓದಿದೆ. ಬಿಡು.

ಜಡ್ಡುಗಟ್ಟಿದ ಬೆರಳು ಒಳ್ಳೇದು. ಮೆತ್ತಗಿನ ಬೆರಳಿಗಿಂತ ಚೆನ್ನಾಗಿ ಚೀರುತ್ತೆ. ನೀನು ಬೆರಳಿನ ಮೆತ್ತೆ ತಾಗಿಸ್ತಿರಬೇಕು. ಉಗುರಿನ ಪಕ್ಕದ ಅಂಚು ತಾಗಲಿ. ಬಲಗೈಯನ್ನ ಒಂದೇ ಕಡೆ ಇಡಬೇಡ. ತಂತಿ ಉದ್ದಕ್ಕೂ ಎಳ್ಳಿನಷ್ಟು ಎಳ್ಳಿನಷ್ಟು ಜರುಗಿಸ್ತಾ ನೋಡು, ಕೆಲವು ಕಡೆ ಮಾತ್ರ ಸಿಗುತ್ತೆ. ಸಿಕ್ಕಾಗ ಅನುಮಾನವೇ ಇರಲ್ಲ. ಇಡೀ ಓಣಿಗೆ ಗೊತ್ತಾಗುತ್ತೆ.

ಮಗಳು

(ಗಟ್ಟಿಗಿತ್ತಿ ಅಂದದ್ದಕ್ಕೆ ಸ್ವಲ್ಪ ನಗು ಬಂತು.)


ಮಾರ್ಚ್ 15

ಮಗಳೇ,

ನಗು ಬಂತು ಅಂತ ಬರೆದ ಆ ಕಂಸ ಇದೆಯಲ್ಲ, ಅದನ್ನ ಕತ್ತರಿಸಿ ಕನ್ನಡಿಗೆ ಅಂಟಿಸಿದ್ದೀನಿ. ದಿನಾ ಗಡ್ಡ ಕೆರೆಯುವಾಗ ಓದ್ತೀನಿ. ಉಪಕಾರ ಆಯ್ತು.

ಇಲ್ಲಿ ಒಂದು ಮಹಾ ಸಂಚು ನಡೀತಿದೆ. ಮೇಲಿನ ಮನೆ ಟೈಲರಮ್ಮ ನಿನಗೆ ನೆನಪಿರಬೇಕು, ನಿನ್ನ ಸ್ಕೂಲ್ ಯೂನಿಫಾರ್ಮ್ ಹೊಲೀತಿದ್ದವಳು. ಹೋದ ವರ್ಷ ಅವಳ ಹೊಲಿಗೆ ಮೆಷಿನ್ನಿನ ಪೆಡಲ್ ಕೆಳಗೆ ನಾನೊಂದು ಸೈಕಲ್ ಬೆಲ್ಲು ಕಟ್ಟಿದ್ದೆ. ಒಂದು ತುಳಿತಕ್ಕೊಂದು ಟ್ರಿಣ್. ಬಾಗಿಲಿಗೆ ಯಾರೋ ಬಂದ್ರು ಅಂತ ಅರ್ಧ ದಿನ ಎದ್ದು ಎದ್ದು ಹೋಗಿದ್ಲು. ಈಗ ಸೇಡು ತೀರಿಸ್ತಿದ್ದಾಳೆ. ಹೋದ ವಾರ ಎರಡು ಕಿವಿಗೂ ಹತ್ತಿ ತುರುಕಿಕೊಂಡು ಇಳಿದು ಬಂದ್ಲು.

‘ಅದೇನ್ರೀ ಅದು ಶಿಳ್ಳೆ? ಸೂಜಿಗೆ ದಾರ ಪೋಣಿಸ್ತಿದ್ದೆ, ಕಿವಿಗೇ ಪೋಣಿಸಿದ ಹಾಗಾಯ್ತು.’

‘ಯಾವ ಶಿಳ್ಳೆ?’

‘ನೋಡಿ, ಯಾವ ಶಿಳ್ಳೆ ಅಂತ ನನ್ನನ್ನೇ ಕೇಳ್ತಾರೆ. ಅರವತ್ತೆಂಟು ಆಯ್ತು, ಮುಖದಲ್ಲಿ ಒಂಚೂರು ಅಳುಕಿಲ್ಲ.’

‘ಚೆನ್ನಾಗಿ ನಟಿಸ್ತೀಯ ತಾಯಿ. ಹತ್ತಿ ತುರುಕಿದ್ದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು’ ಅಂದೆ. ಅವಳು ಕೆಂಡಾಮಂಡಲ. ಅದನ್ನೂ ಚೆನ್ನಾಗೇ ಮಾಡಿದ್ಲು.

ಅಷ್ಟಕ್ಕೇ ಮುಗೀಲಿಲ್ಲ. ಎದುರು ಮನೆ ಬೀಗ ರಿಪೇರಿಯವನು ಮೆಟ್ಟಿಲ ಮೇಲೆ ಸಿಕ್ಕಿ, ‘ಒಲೆ ಮೇಲೆ ಏನೋ ಇಟ್ಟು ಮರೆತಿದ್ದೀರೇನೋ, ಶಿಳ್ಳೆ ಹೊಡೀತಾನೇ ಇದೆ’ ಅಂದ. ಅವನನ್ನೂ ಪಾರ್ಟಿಗೆ ಸೇರಿಸ್ಕೊಂಡಿದ್ದಾಳೆ. ಎಲ್ಲಕ್ಕಿಂತ ಹೆಚ್ಚು ಅಂದ್ರೆ ಕೆಳಗಿನ ಮನೆ ನಾಯಿ. ನಾನು ಮೀಟಿದ ತಕ್ಷಣ ಊಳಿಡುತ್ತೆ. ಅದಕ್ಕೆ ಇಷ್ಟು ನಟನೆ ಕಲಿಸೋಕೆ ಎಷ್ಟು ದಿನ ಒದ್ದಾಡಿರಬೇಕು ಪಾಪ. ಇಷ್ಟು ವರ್ಷ ನಾನು ಅವರಿಗೆ ಮಾಡಿದ್ದಕ್ಕೆ ಇದು ಕಮ್ಮಿಯೇ ಅಂತ ಸುಮ್ಮನಿದ್ದೀನಿ.

ನಿಜ ಏನಂದ್ರೆ ಮಗಳೇ, ಬರ್ತಿಲ್ಲ. ಅಂಚು ತಾಗಿಸ್ತೀನಿ, ಎಳ್ಳಿನಷ್ಟು ಜರುಗಿಸ್ತೀನಿ. ಅದೇ ಟುಕ್, ಆಮೇಲೆ ಏನೂ ಇಲ್ಲ. ಹಳೇ ಟೇಪ್ ರೆಕಾರ್ಡರ್ ಮುಂದೆ ಕೂತು ಐವತ್ತು ಸಲ ನುಡಿಸಿ ಕ್ಯಾಸೆಟ್ ಮಾಡಿ ಇದರ ಜೊತೆ ಕಳಿಸ್ತಿದ್ದೀನಿ. ಎಲ್ಲಿ ತಪ್ತಿದೆ ಹೇಳು. ನನ್ನ ಕೈಯಲ್ಲಿ ಆಗಲ್ಲ ಅಂತಿದ್ರೆ ಅದನ್ನೂ ಹೇಳಿಬಿಡು, ಬೇಜಾರಿಲ್ಲ.

ಬೇಜಾರಿದೆ. ಸುಮ್ಮನೆ ಬರೆದೆ.

ಅಪ್ಪ


ಏಪ್ರಿಲ್ 2

ಅಪ್ಪ,

ಕ್ಯಾಸೆಟ್ಟು ನಿನ್ನೆ ಬಂತು. ಅಂಗಡಿಯಲ್ಲಿ ಕೆಲಸದ ಬೆಂಚಿನ ಮೇಲೇ ಹಾಕಿದೆ. ಮೂರನೇ ಸಲಕ್ಕೆ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ನಮ್ಮ ಓನರ್ ಒಳಗಿಂದ ಬಂದು, ‘ಯಾರಿದು, ಕೈ ಚೆನ್ನಾಗಿದೆಯಲ್ಲ, ಹೊಸ ಹುಡುಗನಾ?’ ಅಂದ್ರು. ‘ನಮ್ಮಪ್ಪ’ ಅಂದೆ.

ಐವತ್ತರಲ್ಲಿ ಮೂವತ್ತೆಂಟು ಸರಿಯಾಗಿ ಬಂದಿವೆ. ಸರಿಯಾಗಿ ಅಂದ್ರೆ, ನಾನು ಕಲಿಯೋಕೆ ಶುರು ಮಾಡಿದ ಎರಡನೇ ವರ್ಷದಲ್ಲಿ ನುಡಿಸ್ತಿದ್ದ ಹಾಗೆ. ಚೀತ್ಕಾರ ಗೋಡೆ ಸೀಳ್ಕೊಂಡು ಹೋಗುತ್ತೆ. ಅದರ ಹಿಂದೇನೇ ನಿನ್ನ ದನಿ ಇದೆ: ‘ಇಲ್ಲ ಮಗಳೇ, ಇದೂ ಬರಲಿಲ್ಲ. ಮುಂದಿನದು ನೋಡೋಣ.’ ಅದು ಇನ್ನೂ ಚೀರ್ತಿರುವಾಗಲೇ ನೀನು ಬರಲಿಲ್ಲ ಅಂತಿದ್ದೀಯ. ಮೂವತ್ತೆಂಟು ಸಲ.

ಮೊದಲು ಚೇಷ್ಟೆ ಅಂದ್ಕೊಂಡೆ. ಆಮೇಲೆ ನಾಯಿ ಊಳಿಟ್ಟಿದ್ದು ಕೇಳಿಸ್ತು. ಅಪ್ಪ, ಆ ನಾಯಿಗೆ ಯಾರೂ ನಟನೆ ಕಲಿಸಿಲ್ಲ. ಟೈಲರಮ್ಮ ಹತ್ತಿ ಇಟ್ಕೊಂಡದ್ದು ನಿನ್ನ ಶಿಳ್ಳೆಗೆ ನಿಜವಾಗಲೂ ಕಿವಿ ನೊಂದು.

ನಾನು ಒಂದೊಂದಾಗಿ ಕೇಳ್ತೀನಿ, ಜೋಕು ಮಾಡದೇ ಉತ್ತರ ಬರಿ. ಒಲೆ ಮೇಲೆ ನೀರು ಕುದ್ದು ಕೆಟಲ್ ಕೂಗೋದನ್ನ ಕೊನೇ ಸಲ ಯಾವಾಗ ಕೇಳಿಸ್ಕೊಂಡೆ? ಫೋನಲ್ಲಿ ನಾನು ಮಾತಾಡಿದ್ರೆ ಏನಾದ್ರೂ ತಮಾಷೆ ಹೇಳಿ ಪಟಕ್ಕನೆ ಇಟ್ಟುಬಿಡ್ತಿದ್ದೆಯಲ್ಲ, ಯಾಕೆ?

ಅವತ್ತು ಹಾಲಿನಲ್ಲಿ ನಾನು ಕೊನೇ ಸ್ವರ ಹಿಡಿದು ನಿಂತಿದ್ದೆ, ಬೇರೆ ಯಾರೂ ನುಡಿಸ್ತಿರಲಿಲ್ಲ. ಬರೀ ಆ ಚೀತ್ಕಾರ. ನಿನಗೆ ಏನು ಕೇಳಿಸ್ತು?

ಕಿವಿ ಪರೀಕ್ಷೆ ಮಾಡಿಸು. ಇದೇ ವಾರ.

ಮಗಳು


ಏಪ್ರಿಲ್ 19

ಮಗಳೇ,

ಮಾಡಿಸಿದೆ.

ಗಾಜಿನ ಡಬ್ಬಿಯಂಥ ರೂಮಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದ್ರು. ಪರೀಕ್ಷೆ ಮಾಡೋಳು ನಿನ್ನ ವಯಸ್ಸಿನವಳೇ. ‘ಕೇಳಿಸಿದಾಗೆಲ್ಲ ಕೈ ಎತ್ತಿ ಅಜ್ಜ’ ಅಂದ್ಲು. ನಾನು ಜಾಣ ವಿದ್ಯಾರ್ಥಿ ಹಾಗೆ ಟಕಟಕ ಎತ್ತಿದೆ. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಮೆಷಿನ್ ಕೆಟ್ಟಿದೆಯೇನೋ ಅಂತ ಕಾದು ಕಾದು, ‘ಉಳಿದದ್ದು ಯಾವಾಗ ಶುರು ಮಾಡ್ತೀಯಮ್ಮ’ ಅಂದೆ.

‘ಮುಗೀತು ಅಜ್ಜ’ ಅಂದ್ಲು.

ಒಂದು ಚಾರ್ಟು ಕೊಟ್ಟಿದ್ದಾಳೆ, ಅದರ ನಕಲು ಇಟ್ಟಿದ್ದೀನಿ. ಗೆರೆ ಅರ್ಧದವರೆಗೆ ಮೇಜಿನ ಹಾಗೆ ಚಪ್ಪಟೆ ಇದೆ, ಆಮೇಲೆ ಮೇಜಿನ ತುದಿಯಿಂದ ಬಿದ್ದ ಲೋಟ. ದಪ್ಪ ಸದ್ದು, ಮಾತು ಕೇಳುತ್ತೆ. ಶಿಳ್ಳೆಯಂಥ ಎತ್ತರದ ಸದ್ದು ಒಂದೂ ಇಲ್ಲ. ‘ಎಲ್ಲಿ ಕೆಲಸ ಮಾಡ್ತಿದ್ರಿ?’ ಅಂದ್ಲು. ಗರಗಸ ಅಂದೆ. ‘ಆ ಸದ್ದೇ ಕಿವಿ ತಿಂದಿದೆ’ ಅಂದ್ಲು. ಮಾತು ಇನ್ನೂ ಸ್ಪಷ್ಟ ಆಗೋಕೆ ಕಿವಿಗೆ ಮೆಷಿನ್ ಕೊಡ್ತಾರಂತೆ, ಆದ್ರೆ ಆ ಎತ್ತರದ್ದು ಪೂರ್ತಿ ಹೋಗಿದೆ, ಅದನ್ನ ಮೆಷಿನ್ನೂ ವಾಪಸ್ ತರಲ್ಲ ಅಂದ್ಲು.

ನಿನ್ನ ಪ್ರಶ್ನೆಗಳಿಗೆ ಉತ್ತರ. ಕೆಟಲ್ ಕೂಗೋದು ನಿಂತು ಎಷ್ಟು ವರ್ಷ ಆಯ್ತೋ, ಅದು ಕೆಟ್ಟಿದೆ ಅಂದ್ಕೊಂಡಿದ್ದೆ. ಫೋನಲ್ಲಿ ನೀನು ಆಡೋದು ಅರ್ಧ ತಿಳೀತಿರಲಿಲ್ಲ. ಈಗಿನ ಮಕ್ಕಳು ಮಾತು ನುಂಗ್ತಾರೆ ಅಂದ್ಕೊಂಡೆ, ‘ಏನು’ ಅಂತ ಮೂರನೇ ಸಲ ಕೇಳೋಕೆ ನಾಚಿಕೆ ಆಗಿ ಜೋಕು ಹೊಡೆದು ಇಡ್ತಿದ್ದೆ.

ಹಾಲಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ನೀನು ಕಣ್ಣು ಮುಚ್ಚಿ ಗಿಟಾರ್ ಹಿಡಿದು ಸುಮ್ಮನೆ ನಿಂತಿದ್ದೆ, ಜನ ಎದ್ದು ನಿಂತರು. ನಿನಗೆ ಏನೋ ಆಗಿದೆ ಅಂತ ಹೆದರಿದೆ. ಆಮೇಲೆ ನಿಜವಾಗಲೂ ತಿಳ್ಕೊಳ್ಳೋಕೇ ಕೇಳಿದೆ, ತಂತಿ ಕಿತ್ತುಹೋಯ್ತಾ ಅಂತ. ಎಲ್ಲರೂ ನಕ್ಕರು. ನಾನು ಬಾಯಿ ತೆಗೆದ್ರೆ ಜೋಕೇ ಅಂತ ಜನ ಅಭ್ಯಾಸ ಮಾಡ್ಕೊಂಡಿದ್ದಾರೆ, ಆ ಅಭ್ಯಾಸ ಮಾಡಿಸಿದವನೂ ನಾನೇ. ನಾನೂ ನಕ್ಕುಬಿಟ್ಟೆ. ಅದು ನನ್ನ ತಪ್ಪು. ಕ್ಷಮಿಸು.

ನಾಲ್ಕು ವರ್ಷ ಬಿಡಿಸೋಕೆ ಆಗದ ಗಂಟನ್ನ ನೀನು ಕ್ಯಾಸೆಟ್ ಕೇಳಿ ಒಂದೇ ದಿನಕ್ಕೆ ಬಿಡಿಸಿದೆ. ಮೂವತ್ತೆಂಟು ಅಂತ ಎಣಿಸಿದ್ದೀಯ, ಅಂದ್ರೆ ಪೂರ್ತಿ ಕೇಳಿದ್ದೀಯ. ಅದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ.

ಗಿಟಾರನ್ನ ಕವರಿಗೆ ಹಾಕಿದ್ದೀನಿ. ನನಗೇ ಕೇಳಿಸದ್ದನ್ನ ನುಡಿಸಿ ನಾಯಿಗೆ ಯಾಕೆ ಹಿಂಸೆ.

ಅಪ್ಪ


ಮೇ 4

ಅಪ್ಪ,

ನಿನ್ನ ಕಾಗದ ಹಿಡ್ಕೊಂಡು ಅಂಗಡಿಯ ಹಿಂದುಗಡೆ, ಮುರಿದ ಪಿಯಾನೋ ಇಟ್ಟಿರೋ ರೂಮಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಅಳು ಬಂತು, ಮುಗೀತು. ಹಾಲಿನ ಆ ದಿನದ ನಂತರ ನಾನು ಆ ಸ್ವರ ನುಡಿಸೋದನ್ನೇ ಬಿಟ್ಟಿದ್ದೆ. ಇಲ್ಲಿನ ಬ್ಯಾಂಡಿನವರು ಕೇಳಿದಾಗ ಅದು ಹಳೇ ಫ್ಯಾಷನ್ ಅಂತಿದ್ದೆ. ನಿನ್ನ ಕಣ್ಣಲ್ಲಿ ಅದು ನಗೆಪಾಟಲು ಅಂತ ನಂಬಿದ್ದೆ. ನಾನು ಒಂದು ಸಲ, ಒಂದೇ ಸಲ, ‘ಯಾಕೆ ಹಾಗಂದೆ’ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಹಾಗಾಗಿ ಕ್ಷಮೆ ಎರಡೂ ಕಡೆಯಿಂದ, ಇನ್ನು ಆ ಮಾತು ಬೇಡ.

ಗಿಟಾರ್ ಹೊರಗೆ ತೆಗಿ.

ನಿನ್ನ ಚಾರ್ಟು ಬೆಂಚಿನ ಮುಂದೆ ಅಂಟಿಸಿ ಲೆಕ್ಕ ಹಾಕಿದೆ. ಒಂದೇ ತಂತಿಯೊಳಗೆ ಸ್ವರಗಳು ಮಹಡಿ ಮೇಲೆ ಮಹಡಿ ಇದ್ದ ಹಾಗೆ ಇರ್ತವೆ. ಹೆಬ್ಬೆರಳು ಎಲ್ಲಿ ಸವರುತ್ತೋ ಅದರ ಮೇಲೆ ಯಾವ ಮಹಡಿ ಅಂತ ನಿರ್ಧಾರ ಆಗುತ್ತೆ. ನೀನು ಇಷ್ಟು ದಿನ ತೆಳು ತಂತಿಯ ತುತ್ತತುದಿಯ ಮಹಡಿಯಲ್ಲಿ ನಿಂತು ಬಾಗಿಲು ಬಡಿದೆ. ತಪ್ಪು ನನ್ನದು, ತೆಳು ತಂತಿ ಅಂತ ಹೇಳಿದವಳು ನಾನೇ.

ಈಗ ಎಲ್ಲಕ್ಕಿಂತ ದಪ್ಪ ತಂತಿ ತಗೋ. ಎಡಗೈ ಮುಟ್ಟಿಸಬೇಡ. ತಂತಿ ಕೊನೆಗೆ ಕೂರೋ ಕಬ್ಬಿಣದ ಪಟ್ಟಿಯಿಂದ ಗಿಟಾರಿನ ಕತ್ತಿನ ಕಡೆಗೆ ನಿನ್ನ ಸ್ಟೀಲ್ ಸ್ಕೇಲ್ ಇಟ್ಟು ಸರಿಯಾಗಿ ಹದಿಮೂರು ಸೆಂಟಿಮೀಟರ್ ಅಳೆ. ಗುರುತು ಹಾಕು. ಹೆಬ್ಬೆರಳು ಅಲ್ಲೇ ಸವರಬೇಕು. ಅಲ್ಲಿರೋದು ಐದನೇ ಮಹಡಿ. ಚಾರ್ಟಿನ ಪ್ರಕಾರ ಅಲ್ಲಿಯವರೆಗೆ ನಿನ್ನ ಕಿವಿಗೆ ಏನೂ ಆಗಿಲ್ಲ. ಅದು ಚೀರಲ್ಲ, ಹಾಡುತ್ತೆ. ಆದ್ರೆ ಹುಟ್ಟೋದು ಅದೇ ಚಿವುಟಿನಿಂದ.

ಇಪ್ಪತ್ತೈದಕ್ಕೆ ರಜೆ ಹಾಕಿದ್ದೀನಿ. ನನ್ನ ಗಿಟಾರನ್ನೂ ತರ್ತೀನಿ.

ಗಟ್ಟಿಗಿತ್ತಿ


ಮೇ 13

ನನ್ನ ಗಟ್ಟಿಗಿತ್ತಿ,

ಬಂತು.

ಬೆಳಿಗ್ಗೆ ಹತ್ತು ಗಂಟೆಗೆ, ಹನ್ನೊಂದನೇ ಸಲಕ್ಕೆ. ಕಿಟಕಿ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಮೊದಲ ಹತ್ತೂ ಟುಕ್. ಗುರುತು ಅರ್ಧ ಮಿಲಿಮೀಟರ್ ಆಚೆ ಹೋಗಿತ್ತು. ಪೆನ್ಸಿಲ್ ಮೊಂಡಾಗಿತ್ತು, ಚೂಪು ಮಾಡಿ ಮತ್ತೆ ಹಾಕಿದೆ. ಚೂಪು ಮಾಡೋದು ಇನ್ನೂ ಬರುತ್ತೆ ನೋಡು.

ಇಷ್ಟು ದಿನ ನಾನು ಮನಸ್ಸಿನಲ್ಲಿ ಅದು ಗರಗಸದ ಹಾಗೆ ಇರಬಹುದು ಅಂದ್ಕೊಂಡಿದ್ದೆ. ಅಲ್ಲ. ದಪ್ಪ ತಂತಿ ಗುಂಯ್ ಅನ್ನಬೇಕು, ಅನ್ನೋಕೆ ಬಾಯಿ ತೆಗೀತು, ಅಷ್ಟರಲ್ಲಿ ಅದರೊಳಗೆ ಮಲಗಿದ್ದವರು ಯಾರೋ ಎದ್ದು ಬಂದು ‘ಏನಪ್ಪ’ ಅಂದ ಹಾಗೆ. ಆ ದನಿ ಅಲ್ಲೇ ಇತ್ತು, ನಾನು ತರಲಿಲ್ಲ, ಬರೀ ದಾರಿ ಬಿಟ್ಟೆ. ಎರಡನೇ ಸಲ ಮಾಡೋಕೆ ಧೈರ್ಯ ಸಾಲಲಿಲ್ಲ, ಹೋಗಿ ಮುಖ ತೊಳ್ಕೊಂಡು ಬಂದೆ. ಆಮೇಲೆ ಊಟದವರೆಗೂ ಅದೇ ಕೆಲಸ.

ಟೈಲರಮ್ಮನ ಮನೆಗೆ ಹತ್ತಿ ಹೋಗಿ ಕ್ಷಮೆ ಕೇಳಿದೆ. ಬೆಲ್ಲಿಗೂ, ಶಿಳ್ಳೆಗೂ, ನಟನೆ ಅಂದದ್ದಕ್ಕೂ. ಅವಳು ಇದು ಹೊಸ ಚೇಷ್ಟೆ ಅಂತ ಅರ್ಧ ಗಂಟೆ ಬಾಗಿಲೇ ತೆಗೀಲಿಲ್ಲ. ಚಾರ್ಟು ತೋರಿಸಿದ ಮೇಲೆ ಕೂರಿಸಿ ಚಹಾ ಕೊಟ್ಟು, ‘ಮೊದಲೇ ಹೇಳಬಾರದಿತ್ತಾ, ನಿಮ್ಮ ಹತ್ರ ಪಿಸುಗುಟ್ಟಿ ಬೈದದ್ದೆಲ್ಲ ದಂಡ ಆಯ್ತಲ್ಲ’ ಅಂದ್ಲು. ನೀನು ಬಂದಾಗ ಕೆಳಗೆ ಬಂದು ಕೇಳ್ತಾಳಂತೆ. ಹತ್ತಿ ತರಲ್ಲ ಅಂತ ಮಾತು ಕೊಟ್ಟಿದ್ದಾಳೆ.

ಇತಿ ಐದನೇ ಮಹಡಿಯಿಂದ,
ಅಪ್ಪ


ಜೂನ್ 1

ಮಗಳೇ,

ನೀನು ಹೋಗಿ ಐದು ದಿನ ಆಯ್ತು. ಸ್ಟೂಲು ಎರಡೂ ಎದುರುಬದುರು ಹಾಗೇ ಇವೆ, ಎತ್ತಿಟ್ಟಿಲ್ಲ.

ಅವತ್ತು ನೀನು ಎತ್ತರದ್ದನ್ನ ನುಡಿಸ್ತೀನಿ ಅಂದಾಗ ‘ನನಗೆ ಕೇಳಲ್ವಲ್ಲ’ ಅಂದೆ. ‘ಕೈ ನೋಡು’ ಅಂದೆ ನೀನು. ನೋಡಿದೆ. ನಿನ್ನ ಹೆಬ್ಬೆರಳು ಪಿಕ್ಕಿನ ಹಿಂದೆ ಬರೋದು, ಅಂಚು ತಾಗೋದು, ತಾಗಿದ ತಕ್ಷಣ ಬಿಟ್ಟು ಹೋಗೋದು. ನಾಲ್ಕು ತಿಂಗಳು ನನ್ನ ಬೆರಳು ಅದನ್ನೇ ಮಾಡಿದೆಯಲ್ಲ, ಹಾಗಾಗಿ ನಿನ್ನ ಬೆರಳು ಸವರಿದಾಗೆಲ್ಲ ನನ್ನ ಬೆರಳಿಗೆ ಜುಂ ಅಂತು. ಕಿವಿ ಪರೀಕ್ಷೆಯಲ್ಲಿ ಎತ್ತಿದ ಹಾಗೆ ಪ್ರತಿ ಸಲ ಕೈ ಎತ್ತಿದೆ. ನೀನು ಹದಿನೈದು ಸಲ ನುಡಿಸಿದೆ, ನಾನು ಹದಿನೈದು ಸಲವೂ ಎತ್ತಿದೆ. ನೂರಕ್ಕೆ ನೂರು ಅಂತ ಎದೆ ಉಬ್ಬಿಸಿ ಕೂತಿದ್ದೆ. ಟೈಲರಮ್ಮ ಸೆರಗು ಬಾಯಿಗಿಟ್ಟು ಅತ್ತ ತಿರುಗಿದ್ಲು, ಭಾವುಕಳಾದ್ಲು ಅಂದ್ಕೊಂಡೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕಳು. ಐದು ದಿನ ಬಾಯಿ ಹೊಲ್ಕೊಂಡಿದ್ದವಳಿಗೆ ಹೊಲಿಗೆ ಬಿಚ್ಚಿತು.

‘ಒಂಬತ್ತನೇದು ಬರೀ ಸುಳ್ಳು ಅಣ್ಣ’ ಅಂದ್ಲು. ‘ನಿಮ್ಮ ಮಗಳು ಸ್ಪೀಕರ್ ಗುಂಡಿ ಸೊನ್ನೆಗೆ ತಿರುಗಿಸಿ, ತಂತಿ ಮುಟ್ಟದೇ ಗಾಳಿಯಲ್ಲಿ ಬೆರಳಾಡಿಸಿದ್ಲು. ನಾಯಿ ಕೂಡ ಬಾಯಿ ಬಿಡಲಿಲ್ಲ. ನೀವೊಬ್ಬರೇ, ಸ್ಕೂಲ್ ಹುಡುಗನ ಹಾಗೆ ಕೈ ಮೇಲೆ.’

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಕ್ಕು ನಕ್ಕು ಉಸಿರು ಸಿಕ್ಕಲಿಲ್ಲ. ಬೀಗದವನು ಏನೋ ಆಯ್ತು ಅಂತ ಓಡಿ ಬಂದ.

ಆಮೇಲೆ ನಗು ನಿಂತ ಮೇಲೆ ಅಲ್ಲೇ ಕೂತು ಯೋಚನೆ ಮಾಡಿದೆ. ಚಿಕ್ಕವಳಿದ್ದಾಗ ನೀನು ನನ್ನ ಚಪ್ಪಲಿ ಬಚ್ಚಿಡ್ತಿದ್ದೆ, ಚಹಾಕ್ಕೆ ಉಪ್ಪು ಹಾಕ್ತಿದ್ದೆ. ಹಾಲಿನ ದಿನದಿಂದ ಈಚೆಗೆ ಒಂದೂ ಇಲ್ಲ. ನೀನು ಎರಡು ಸಲ ವಿಳಾಸ ಬದಲಾಯ್ತು ಅಂತ ಕಾರ್ಡು ಕಳಿಸಿದೆ, ಎಷ್ಟು ಮರ್ಯಾದೆಯಿಂದ ಬರೆದಿದ್ದೆ ಅಂದ್ರೆ ಓದೋಕೇ ಭಯ ಆಗಿತ್ತು. ನನ್ನ ಮೇಲೆ ಕೋಪ ಇದ್ದಷ್ಟು ದಿನ ನೀನು ಒಂದು ದಿನವೂ ನನ್ನ ಕಾಲೆಳೀಲಿಲ್ಲ. ಈ ಕಿವುಡು ಮುದುಕನನ್ನ, ಅದೂ ಅವನ ಕಿವುಡನ್ನೇ ಹಿಡ್ಕೊಂಡು, ಎಲ್ಲರ ಮುಂದೆ ಹೀಗೆ ಮಂಗ ಮಾಡೋಕೆ ನಿನಗೆ ಮನಸ್ಸು ಬಂತಲ್ಲ.

ಬಹಳ ಉಪಕಾರ ಆಯ್ತು, ಮಗಳೇ. ಒಂದು ಕಾಲು ಎಳೆದಾಯ್ತು. ಇನ್ನೊಂದು ಹಾಗೇ ಇದೆ, ಯಾವಾಗ ಬರ್ತೀಯ?

ಅಪ್ಪ